ಎರಡು ಗೆರೆಗಳ ನಡುವಿನ ಆಯಿಲ್



ಹೊಸ ಬೈಕ್ ತಂದವರು ಮೊದಲ ವರ್ಷ ಏನೇನು ನೋಡುತ್ತಾರೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಮೈಲೇಜ್ ಲೆಕ್ಕ ಹಾಕುತ್ತಾರೆ, ಪಿಕಪ್ ಬಗ್ಗೆ ನಾಲ್ಕು ಜನರಿಗೆ ಹೇಳುತ್ತಾರೆ, ಟ್ಯಾಂಕಿನ ಮೇಲೆ ಒಂದು ಗೀರು ಬಿದ್ದರೆ ಅವತ್ತು ಊಟ ಸೇರುವುದಿಲ್ಲ. ಎಂಜಿನ್ ಆಯಿಲ್ ಎಷ್ಟಿದೆ ಅಂತ ಬಗ್ಗಿ ನೋಡುವವರು ಮಾತ್ರ ಬಹಳ ಕಡಿಮೆ. ಅದೇನಿದ್ದರೂ ಸರ್ವಿಸ್ ಮಾಡುವವರ ಕೆಲಸ ಅಂತ ಬಿಟ್ಟಿರುತ್ತೇವೆ. ಹೀಗಿರುವಾಗ ಒಂದು ದಿನ, ಪಂಕ್ಚರ್ ಹಾಕಿಸುವಾಗಲೋ ಚೈನ್ ಬಿಗಿ ಮಾಡಿಸುವಾಗಲೋ, ಅಂಗಡಿಯ ಹುಡುಗ ಆಯಿಲ್ ಮಟ್ಟ ತೋರಿಸುವ ಗಾಜಿನ ಕಿಂಡಿಯ ಎರಡು ಗೆರೆ ನೋಡಿ, "ಸಾರ್, ಆಯಿಲ್ ಕೆಳಗಿನ ಗೆರೆಗೂ ಇಲ್ವಲ್ಲ" ಅನ್ನುತ್ತಾನೆ. ಗಾಡಿಗೆ ಇನ್ನೂ ವರ್ಷ ತುಂಬಿಲ್ಲ. ಓಡಿರುವುದು ಏಳೆಂಟು ಸಾವಿರ ಕಿಲೋಮೀಟರ್. ಸೈಲೆನ್ಸರಿನಲ್ಲಿ ಹೊಗೆ ಇಲ್ಲ, ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ತೊಟ್ಟು ಎಣ್ಣೆ ಬಿದ್ದಿಲ್ಲ. ಹಾಗಾದರೆ ಆಯಿಲ್ ಹೋಯಿತೆಲ್ಲಿಗೆ?

ರಾಜಾಜಿನಗರದಿಂದ ಹಿಡಿದು ಕೆಂಗೇರಿ ಉಪನಗರದ ತನಕ ಎಲ್ಲಿ ಕೇಳಿದರೂ ಇದಕ್ಕೆ ಎರಡು ಸಿದ್ಧ ಉತ್ತರ ಸಿಗುತ್ತವೆ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರು, "ಇದೆಲ್ಲ ನಾರ್ಮಲ್ ಸಾರ್, ಟಾಪ್ ಅಪ್ ಮಾಡಿ ಕೊಡ್ತೀವಿ" ಅನ್ನುತ್ತಾರೆ. ಬೀದಿ ಕೊನೆಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ರಿಂಗ್ ಹೋಗಿದೆ, ಬಿಚ್ಚಲೇಬೇಕು" ಅನ್ನುತ್ತಾನೆ. ಇಬ್ಬರೂ ಅನುಭವಸ್ಥರೇ, ಒಂದೊಂದು ಸಲ ಇಬ್ಬರ ಮಾತೂ ನಿಜವಾಗುವುದುಂಟು. ಆದರೆ ಎಷ್ಟು ಕಿಲೋಮೀಟರಿಗೆ ಎಷ್ಟು ಎಂ.ಎಲ್. ಹೋಗಿದೆ ಅಂತ ಇಬ್ಬರೂ ಕೇಳಿರುವುದಿಲ್ಲ. ಆ ಒಂದು ಲೆಕ್ಕ ಇಲ್ಲದೆ 'ನಾರ್ಮಲ್' ಅನ್ನುವುದಕ್ಕೂ ಅರ್ಥವಿಲ್ಲ, 'ರಿಂಗ್ ಹೋಗಿದೆ' ಅನ್ನುವುದಕ್ಕೂ ಅರ್ಥವಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಈ ಲೆಕ್ಕದ ವಿಚಾರವನ್ನೇ.

ಆಯಿಲ್ ಉರಿದುಹೋಗುವುದು ನಮ್ಮ ನಾಡಿನ ಬೈಕ್ ಸವಾರರಿಗೆ ಹೊಸದೇನಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸಬೇಕಿತ್ತು. ಲೀಟರಿಗೆ 40 ಎಂ.ಎಲ್. ಬೆರೆಸಿ, ಗಾಡಿ 30 ಕಿಲೋಮೀಟರ್ ಮೈಲೇಜ್ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಸಾವಿರ ಕಿಲೋಮೀಟರಿಗೆ 1.3 ಲೀಟರ್ ಆಯಿಲ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಯಾರೂ ಗಾಬರಿಯಾಗಲಿಲ್ಲ, ಯಾಕೆಂದರೆ ಆ ಎಂಜಿನ್ನಿನ ಧರ್ಮವೇ ಅದು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ 2ಟಿ ಆಯಿಲಿಗೆ ಬೇರೆ ಡಬ್ಬಿಯೇ ಇತ್ತು. ಅದು ಖಾಲಿಯಾದ ಹಾಗೆ ತುಂಬುತ್ತಾ ಹೋಗುವುದು ಸವಾರನಿಗೆ ರೂಢಿಯಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲನ್ನೂ ಕೇಳಿ ಹಾಕಿಸಿಕೊಂಡವರು ಇದನ್ನು ಕೇಳುತ್ತಿದ್ದರೆ ಈಗ ನಗುತ್ತಿರಬಹುದು.

ಅದೇ 1985ರಲ್ಲೇ ಹೀರೋ ಹೋಂಡಾ ಸಿಡಿ 100 ಬಂತು. ಅದು ಫೋರ್ ಸ್ಟ್ರೋಕ್. ಆಯಿಲ್ ಪೆಟ್ರೋಲಿನ ಜೊತೆ ಬೆರೆಯುವುದಿಲ್ಲ, ಎಂಜಿನ್ನಿನ ಹೊಟ್ಟೆಯಲ್ಲೇ ಸುತ್ತಿಕೊಂಡಿರುತ್ತದೆ. ಆಮೇಲೆ ಹೊಗೆ ನಿಯಮಗಳು ಬಿಗಿಯಾದವು, ಟೂ ಸ್ಟ್ರೋಕ್ ಗಾಡಿಗಳು ಒಂದೊಂದಾಗಿ ಮರೆಯಾದವು. ಜಾವಾ ಹೆಸರು 2018ರಲ್ಲಿ ಮತ್ತೆ ಬಂತು, ಆದರೆ ಅದೂ ಈಗ ಫೋರ್ ಸ್ಟ್ರೋಕ್. ಹೀಗೆ ಒಂದು ತಲೆಮಾರು ಪ್ರತಿ ಸಲ ಬಂಕಿಗೆ ಹೋದಾಗಲೂ ಆಯಿಲ್ ವಿಚಾರ ಯೋಚಿಸುತ್ತಿತ್ತು, ಅದರ ಮುಂದಿನ ತಲೆಮಾರು ವರ್ಷಕ್ಕೊಮ್ಮೆಯೂ ಯೋಚಿಸುವುದಿಲ್ಲ.

ಈ ಮರೆವಿಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಅದೇ. ಮೊದಲು ನೂರು ಸಿಸಿ ಗಾಡಿಗೆ ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸುತ್ತಿದ್ದೆವು. ಈಗ ಆಯಿಲ್ ಸುಧಾರಿಸಿದೆ, ಎಂಜಿನ್ ಸುಧಾರಿಸಿದೆ, ಅವಧಿ ಉದ್ದವಾಗಿದೆ. ರಾಯಲ್ ಎನ್‌ಫೀಲ್ಡಿನ ಈಗಿನ 350 ಸಿಸಿ ಗಾಡಿಗಳಿಗೆ ಮೊದಲ ಸರ್ವಿಸ್ ಆದ ಮೇಲೆ ಆಯಿಲ್ ಬದಲಾವಣೆ 10,000 ಕಿಲೋಮೀಟರಿಗೊಮ್ಮೆ. ಈಗ ಲೆಕ್ಕ ಹಾಕಿ. ಯಾವುದೋ ಒಂದು ಗಾಡಿ ಸಾವಿರ ಕಿಲೋಮೀಟರಿಗೆ 50 ಎಂ.ಎಲ್. ಆಯಿಲ್ ತಿನ್ನುತ್ತದೆ ಅನ್ನೋಣ. ಅದು ತೀರಾ ಸಾಮಾನ್ಯವಾದ ಪ್ರಮಾಣ. ಮೂರು ಸಾವಿರಕ್ಕೆ ಬದಲಾಯಿಸುತ್ತಿದ್ದರೆ 150 ಎಂ.ಎಲ್. ಕಡಿಮೆಯಾಗಿರುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹತ್ತು ಸಾವಿರಕ್ಕೆ ಅದೇ ಅರ್ಧ ಲೀಟರ್. ಕೆಳಗಿನ ಗೆರೆ ದಾಟಿ ಹೋಗಲು ಅಷ್ಟು ಸಾಕು. ಎಂಜಿನ್ ಮೊದಲಿಗಿಂತ ಹೆಚ್ಚೇನೂ ತಿಂದಿಲ್ಲ, ನಡುವೆ ನೋಡುತ್ತಿದ್ದ ಕಣ್ಣು ಇಲ್ಲವಾಯಿತು ಅಷ್ಟೆ. ಕಂಪನಿಯವರು ಕೈಪಿಡಿಯಲ್ಲಿ ನಡುನಡುವೆ ಮಟ್ಟ ನೋಡಿ ಅಂತ ಬರೆದೇ ಇರುತ್ತಾರೆ. ಕೈಪಿಡಿ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗೆ ಮಲಗಿರುತ್ತದೆ.

ಕಾರಿನವರಿಗೆ ಈ ತಾಪತ್ರಯ ಇಷ್ಟಿಲ್ಲ. ಕಾರಿನ ಎಂಜಿನ್ನಿಗೆ ಮೂರು ನಾಲ್ಕು ಲೀಟರ್ ಹಿಡಿಸುತ್ತದೆ. ಸ್ಪ್ಲೆಂಡರಿನಂಥ ಗಾಡಿಗೆ ಬದಲಾಯಿಸುವಾಗ ಹಾಕುವುದೇ ಸುಮಾರು 900 ಎಂ.ಎಲ್. ಅದರಲ್ಲಿ 300 ಹೋದರೆ ಮೂರನೆಯ ಒಂದು ಭಾಗವೇ ಹೋದ ಹಾಗೆ. ಮೇಲಾಗಿ ನಮ್ಮ ಬೈಕುಗಳಲ್ಲಿ ಅದೇ ಆಯಿಲ್ ಪಿಸ್ಟನ್ನಿಗೂ ಬೇಕು, ಗೇರಿಗೂ ಬೇಕು, ಕ್ಲಚ್ಚಿಗೂ ಬೇಕು. ಜೊತೆಗೆ ಎಂಜಿನ್ ತಂಪು ಮಾಡುವ ಕೆಲಸದಲ್ಲೂ ಅದಕ್ಕೆ ಪಾಲಿದೆ.

ಇನ್ನು, ಆಯಿಲ್ ಹೋಗುವ ದಾರಿಗಳು ಯಾವುವು ಅಂತ ನೋಡೋಣ. ಮೊದಲನೆಯದು ಪಿಸ್ಟನ್ ರಿಂಗ್. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗ್ ಇರುತ್ತವೆ. ಮೇಲಿನೆರಡು ಒತ್ತಡವನ್ನು ತಡೆಯುವುದಕ್ಕೆ, ಕೆಳಗಿನದು ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ಕೆರೆದು ಕೆಳಗೆ ಇಳಿಸುವುದಕ್ಕೆ. ಪೂರ್ತಿ ಕೆರೆದರೆ ರಿಂಗಿಗೂ ಗೋಡೆಗೂ ಒಣ ಉಜ್ಜಾಟವಾಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ತೆಳ್ಳನೆಯ ಪೊರೆ ಉಳಿಯಲೇಬೇಕು, ಉಳಿದದ್ದರಲ್ಲಿ ಸ್ವಲ್ಪ ಉರಿಯಲೇಬೇಕು. ಗೋಡೆಯ ಮೇಲೆ ಆ ಪೊರೆ ನಿಲ್ಲಲಿ ಅಂತಲೇ ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿ, ಒಂದನ್ನೊಂದು ಅಡ್ಡಹಾಯುವ ಸಣ್ಣ ಸಣ್ಣ ಗೀರು ಎಳೆದಿರುತ್ತಾರೆ. ಬೀಸುವ ಕಲ್ಲಿಗೆ ಉಳಿ ಹೊಡೆಸುತ್ತಿದ್ದರಲ್ಲ, ಆ ರೀತಿ ಬೇಕೆಂದೇ ಮಾಡಿದ ಒರಟು ಅದು. ಹೊಸ ರಿಂಗು ಈ ಒರಟಿನ ಮೇಲೆ ಉಜ್ಜಿ ಉಜ್ಜಿ ತನ್ನ ಜಾಗಕ್ಕೆ ಕೂರಬೇಕು. ರನ್ನಿಂಗ್ ಇನ್ ಅನ್ನುವುದು ಇದನ್ನೇ.

ಹೀಗೆ ಉರಿದುಹೋಗುವುದು ಸಾವಿರ ಕಿಲೋಮೀಟರಿಗೆ 100 ಎಂ.ಎಲ್. ಅಂದರೆ ನಿಜಕ್ಕೂ ಎಷ್ಟು? ಒಂದು ಎಂ.ಎಲ್. ಅಂದರೆ ಸುಮಾರು ಇಪ್ಪತ್ತು ಹನಿ, ನೂರಕ್ಕೆ ಎರಡು ಸಾವಿರ ಹನಿ. ಅಂದರೆ ಅರ್ಧ ಕಿಲೋಮೀಟರಿಗೆ ಒಂದು ಹನಿ. ಗಂಟೆಗೆ 60ರ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ, ಆ ಅರ್ಧ ಕಿಲೋಮೀಟರಿನಲ್ಲಿ ಒಳಗೆ ಸಾವಿರ ಸಲ ಬೆಂಕಿ ಹೊತ್ತಿರುತ್ತದೆ. ಸಾವಿರ ಸಲ ಉರಿದದ್ದಕ್ಕೆ ಒಂದು ಹನಿ! ಹೊಗೆ ಕಾಣುವುದಿಲ್ಲ ಅನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯ ದಾರಿ ವಾಲ್ವಿನದು. ವಾಲ್ವ್ ಕಡ್ಡಿಯ ಸುತ್ತ ಒಂದು ಪುಟ್ಟ ರಬ್ಬರ್ ಸೀಲ್ ಇರುತ್ತದೆ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಬರುತ್ತೀರಲ್ಲ, ಆಗ ಒಳಗೆ ಜೋರಾದ ಎಳೆತ ಹುಟ್ಟಿ ಆ ಕಡ್ಡಿಯ ಸಂದಿಯಿಂದಲೂ, ರಿಂಗಿನ ಪಕ್ಕದಿಂದಲೂ ಆಯಿಲ್ ಮೇಲಕ್ಕೆ ಬರುತ್ತದೆ. ಚಾರ್ಮಾಡಿ, ಶಿರಾಡಿ ಇಳಿದು ಬಂದ ಗಾಡಿಯಲ್ಲಿ ಆಯಿಲ್ ಸ್ವಲ್ಪ ಹೆಚ್ಚು ಇಳಿದಿದ್ದರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಮೂರನೆಯ ದಾರಿ ಬ್ರೀದರ್. ಬೀದಿ ಮಾತಿನಲ್ಲಿ ಇದರ ಹೆಸರು ಕೇಳಿಬರುವುದು ಕಡಿಮೆ. ಆದರೆ ಒಂದೇ ಸಿಲಿಂಡರಿನ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಎರಡು ಪಿಸ್ಟನ್ ಕೆಳಗಿಳಿದಾಗ ಇನ್ನೆರಡು ಮೇಲೇರುತ್ತವೆ, ಕೆಳಗಿನ ಗಾಳಿ ಅತ್ತಿಂದಿತ್ತ ಸರಿದುಕೊಳ್ಳುತ್ತದೆ. ಒಂದೇ ಪಿಸ್ಟನ್ ಇರುವ ಎಂಜಿನ್ನಿಗೆ ಆ ಅನುಕೂಲವಿಲ್ಲ. 350 ಸಿಸಿ ಪಿಸ್ಟನ್ ಒಮ್ಮೆ ಕೆಳಗಿಳಿದರೆ ಕ್ರ್ಯಾಂಕ್‌ಕೇಸಿನ ಗಾಳಿ 350 ಸಿಸಿಯಷ್ಟು ಇಕ್ಕಟ್ಟಿಗೆ ಸಿಗುತ್ತದೆ. ನಿಮಿಷಕ್ಕೆ 4000 ಸುತ್ತಿನ ಲೆಕ್ಕದಲ್ಲಿ 1400 ಲೀಟರ್ ಗಾಳಿಯ ನೂಕಾಟ. ಅದಕ್ಕೆ ಉಸಿರಾಡಲು ಒಂದು ಕೊಳವೆ ಬೇಕು. ಆ ಕೊಳವೆ ಏರ್ ಫಿಲ್ಟರ್ ಡಬ್ಬಿಗೆ ಹೋಗಿ ಸೇರುತ್ತದೆ, ಯಾಕೆಂದರೆ ಆ ಆವಿಯನ್ನು ಬೀದಿಗೆ ಬಿಡುವ ಹಾಗಿಲ್ಲ. ಗಾಳಿಯ ಜೊತೆ ಆಯಿಲಿನ ತುಂತುರೂ ಹೋಗುತ್ತದೆ. ಹೆದ್ದಾರಿಯಲ್ಲಿ ನೂರರ ಮೇಲೆ ಗಂಟೆಗಟ್ಟಲೆ ಹಿಡಿದವರ ಗಾಡಿಯಲ್ಲಿ ಇದು ಜಾಸ್ತಿ.

ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ ಇದನ್ನು ಪರೀಕ್ಷೆ ಮಾಡುವ ರೀತಿ ನೋಡಲು ಚೆಂದ. ಗಾಡಿ ಬಂದ ಕೂಡಲೇ ಸ್ಪ್ಯಾನರ್ ಮುಟ್ಟುವುದಿಲ್ಲ. ಕೆಳಗೆ ಕುಕ್ಕರುಗಾಲಲ್ಲಿ ಕೂತು, ಏರ್ ಫಿಲ್ಟರ್ ಡಬ್ಬಿಯ ಅಡಿಯಲ್ಲಿ ನೇತಾಡುವ ಬೆರಳುದ್ದದ ರಬ್ಬರ್ ಪೈಪಿನ ಬಿರಡೆ ಎಳೆಯುತ್ತಾರೆ. ಕೆಳಗೆ ಒಂದು ಹಳೆಯ ನೀರಿನ ಬಾಟಲಿ ಮುಚ್ಚಳ ಹಿಡಿದಿರುತ್ತಾರೆ. ನಾಲ್ಕಾರು ಹನಿ ಕಂದು ನೀರು ಬಿದ್ದರೆ, "ಪರವಾಗಿಲ್ಲ" ಅನ್ನುತ್ತಾರೆ. ಮುಚ್ಚಳ ತುಂಬಿ ಕಪ್ಪು ಎಣ್ಣೆ ಹರಿದರೆ, "ಆಯಿಲ್ ಎಷ್ಟು ಹಾಕ್ಸಿದ್ರಿ ಅಣ್ಣ?" ಅಂತ ಮೊದಲ ಪ್ರಶ್ನೆ. ಪ್ರಶ್ನೆ ಸರಿಯಾಗಿದೆ. ಸರ್ವಿಸಿನಲ್ಲಿ ಧಾರಾಳವಾಗಿ ಮೇಲಿನ ಗೆರೆ ದಾಟಿಸಿ ಆಯಿಲ್ ಸುರಿದಿದ್ದರೆ, ಹೆಚ್ಚಾದದ್ದನ್ನು ಒಳಗಿನ ಚಕ್ರಗಳು ಕಡೆದು ನೊರೆ ಮಾಡಿ ಬ್ರೀದರಿನಿಂದ ಹೊರಗೆ ಕಳಿಸಿಬಿಡುತ್ತವೆ. ಸರ್ವಿಸ್ ಆದ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಮಟ್ಟ ಸರ್ರನೆ ಇಳಿದು, ನಡುಭಾಗಕ್ಕೆ ಬಂದು ಅಲ್ಲೇ ನಿಂತುಬಿಟ್ಟರೆ, ಎಂಜಿನ್ನಿನ ತಪ್ಪಲ್ಲ, ಸುರಿದವರ ಧಾರಾಳತನ. ಮತ್ತೆ ಮೇಲಿನ ಗೆರೆಗೆ ತುಂಬಲು ಹೋದರೆ ಮತ್ತೆ ಅದೇ ಕಥೆ. ಎರಡು ಗೆರೆಗಳ ನಡುವೆ ಎಲ್ಲಿದ್ದರೂ ಸರಿಯೇ. ಮೇಲಿನ ಗೆರೆ ಮುಟ್ಟಿಸಲೇಬೇಕೆಂಬ ಹಟ ಬೇಡ.

ಈಗ ನಮ್ಮ ಪಶ್ಚಿಮ ಬೆಂಗಳೂರಿನ ಸಂಗತಿಗೆ ಬರುತ್ತೇನೆ. ಇಲ್ಲಿನ ಬಹಳಷ್ಟು ಗಾಡಿಗಳ ವಾರದ ದಿನಚರಿ ಒಂದೇ ರೀತಿ. ಬಸವೇಶ್ವರನಗರದ ಮನೆಯಿಂದ ವಿಜಯನಗರ ಮೆಟ್ರೋ ನಿಲ್ದಾಣ, ಅಲ್ಲಿ ಗಾಡಿ ನಿಲ್ಲಿಸಿ ರೈಲು. ಇಲ್ಲವೇ ರಾಜಾಜಿನಗರದಿಂದ ಹೊರಟು ನವರಂಗ್ ಸಿಗ್ನಲ್, ಕಾರ್ಡ್ ರೋಡು, ನಾಲ್ಕೈದು ಕಿಲೋಮೀಟರಿಗೆ ಆಫೀಸು ಬಂದೇ ಬಿಟ್ಟಿತು. ಎಂಜಿನ್ ಮುಟ್ಟಿದರೆ ಕೈ ಸುಡುತ್ತದೆ ನಿಜ, ಆದರೆ ಒಳಗಿನ ಆಯಿಲ್ ಅಷ್ಟು ಬೇಗ ಪೂರ್ತಿ ಬಿಸಿಯಾಗುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರ್ ಪೆಟ್ರೋಲನ್ನು ಸ್ವಲ್ಪ ಧಾರಾಳವಾಗಿ ಕೊಡುತ್ತದೆ. ಉರಿಯದೆ ಉಳಿದ ಒಂದಿಷ್ಟು ಪೆಟ್ರೋಲು ರಿಂಗ್ ದಾಟಿ ಕೆಳಗಿಳಿದು ಆಯಿಲಿಗೆ ಸೇರಿಕೊಳ್ಳುತ್ತದೆ. ಉರಿದಾಗ ಹುಟ್ಟಿದ ನೀರಿನ ಆವಿಯೂ ಅಲ್ಲೇ ತಂಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಕಂಡು ಗಾಬರಿಯಾಗುವವರಿದ್ದಾರಲ್ಲ, ಅದು ಬಹುಪಾಲು ಈ ನೀರು.

ಇದರ ಫಲ ಏನೆಂದರೆ, ವಾರವಿಡೀ ಆಯಿಲ್ ಉರಿದು ಸ್ವಲ್ಪ ಕಡಿಮೆಯಾಗುತ್ತಿರುತ್ತದೆ, ಆ ಜಾಗದಲ್ಲಿ ಪೆಟ್ರೋಲು, ನೀರು ಬಂದು ಕೂತು ಮಟ್ಟವನ್ನು ಹಿಡಿದು ನಿಲ್ಲಿಸಿರುತ್ತವೆ. ಗಾಜಿನಲ್ಲಿ ನೋಡಿದರೆ ಒಂದು ಕೂದಲೂ ಇಳಿದಿಲ್ಲ. ಭಾನುವಾರ ಬಂತು. ನಾಲ್ಕು ಗೆಳೆಯರು ಸೇರಿ ನೆಲಮಂಗಲ, ಕುಣಿಗಲ್, ಹಾಸನ ದಾರಿ ಹಿಡಿದು ಚಿಕ್ಕಮಗಳೂರಿಗೆ ಹೋಗಿ ಬಂದರು. ಆಯಿಲ್ ಗಂಟೆಗಟ್ಟಲೆ ಚೆನ್ನಾಗಿ ಕಾಯಿತು, ಸೇರಿಕೊಂಡಿದ್ದ ಪೆಟ್ರೋಲೂ ನೀರೂ ಆವಿಯಾಗಿ ಹಾರಿಹೋದವು. ಸೋಮವಾರ ಬೆಳಿಗ್ಗೆ ನೋಡಿದರೆ ಮಟ್ಟ ಒಂದೇ ಸಲಕ್ಕೆ ಕುಸಿದಿದೆ! "ಒಂದು ಟ್ರಿಪ್ಪಿಗೆ ಇಷ್ಟು ಆಯಿಲ್ ಕುಡೀತು" ಅಂತ ಗಾಡಿಯನ್ನು ಬೈಯುತ್ತೇವೆ. ನಿಜವಾಗಿ ಇಳಿದದ್ದು ಎಷ್ಟೋ ವಾರಗಳ ನಷ್ಟ, ಬಯಲಾದದ್ದು ಒಂದು ದಿನ. ಹಾಗಾಗಿ ಊರೊಳಗೆ ಮಾತ್ರ ಓಡುವ ಗಾಡಿಯಲ್ಲಿ "ನನ್ನದು ಒಂದು ಹನಿಯೂ ತಿನ್ನಲ್ಲ" ಅಂತ ಬೀಗುವುದಕ್ಕೂ ಹೋಗಬೇಡಿ. ಪೆಟ್ರೋಲು ಬೆರೆತ ಆಯಿಲ್ ತೆಳುವಾಗಿರುತ್ತದೆ, ತೆಳುವಾದದ್ದು ಸವೆತ ತಡೆಯುವುದು ಕಡಿಮೆ. ಇಂಥವರು ಕಿಲೋಮೀಟರ್ ಕಾಯದೆ ಕೈಪಿಡಿ ಹೇಳಿದ ತಿಂಗಳ ಲೆಕ್ಕಕ್ಕೇ ಆಯಿಲ್ ಬದಲಾಯಿಸುವುದು ಒಳ್ಳೆಯದು.

ಊರಿನ ಟ್ರಾಫಿಕ್ಕು ರನ್ನಿಂಗ್ ಇನ್‌ಗೂ ಅಷ್ಟೇನೂ ಒಳ್ಳೆಯದಲ್ಲ. ಹೊಸ ಗಾಡಿಯನ್ನು ನಲವತ್ತರ ಮೇಲೆ ಓಡಿಸಬೇಡ ಅಂತ ಹಿರಿಯರು ಹೇಳುತ್ತಿದ್ದರು. ಹೊಸ ಎಂಜಿನ್ನನ್ನು ಕಿತ್ತುಹೋಗುವ ಹಾಗೆ ಓಡಿಸಬಾರದು, ಒಪ್ಪಿದೆ. ಆದರೆ ತೀರಾ ಮುದ್ದು ಮಾಡಿದರೂ ರಿಂಗ್ ಕೂರುವುದಿಲ್ಲ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿದ ಅನಿಲದ ಒತ್ತಡ. ಎಂಜಿನ್ನಿಗೆ ಕೆಲಸವೇ ಕೊಡದೆ, ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತು ನಿಂತು ಕಾಯಿಸಿದರೆ, ಗೋಡೆಯ ಗೀರುಗಳ ಮೇಲೆ ಸುಟ್ಟ ಆಯಿಲ್ ಅರಗಿನಂತೆ ಕೂತು ನುಣುಪಾಗಿಬಿಡುತ್ತದೆ. ಆಮೇಲೆ ರಿಂಗಿಗೆ ಉಜ್ಜಿಕೊಳ್ಳಲು ಒರಟೇ ಸಿಗುವುದಿಲ್ಲ. ಹೊಸ ಗಾಡಿಯನ್ನು ಬೆಳಗಿನ ಹೊತ್ತು ಮಾಗಡಿ ರಸ್ತೆಯಲ್ಲಿ ಸಾವನದುರ್ಗದ ಕಡೆಗೆ, ವೇಗ ಏರಿಸುತ್ತಾ ಇಳಿಸುತ್ತಾ, ಒಂದೇ ವೇಗದಲ್ಲಿ ಹಿಡಿಯದೆ, ಕೈಪಿಡಿಯ ಮಿತಿಯೊಳಗೆ ಓಡಿಸಿ ಬನ್ನಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕೆಂಗೇರಿಯವರಿಗೆ ಇದು ಬೇಸರದ ವಿಷಯ. ಆದರೆ ಏರಿಳಿತದ ವೇಗ ಬೇಕಾದ ಹೊಸ ಎಂಜಿನ್ನಿಗೆ ಸರ್ವಿಸ್ ರಸ್ತೆಯೇ ವಾಸಿ.

ಇನ್ನು ಅಳೆಯುವ ವಿಚಾರ. ಇಲ್ಲೇ ಹೆಚ್ಚಿನವರು ಎಡವುವುದು. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿದ್ದರೆ ಎಡಕ್ಕೆ ವಾಲಿರುತ್ತದೆ. ಆಯಿಲ್ ನೋಡುವ ಗಾಜಿನ ಕಿಂಡಿ ಅನೇಕ ಗಾಡಿಗಳಲ್ಲಿ ಬಲಕ್ಕಿರುತ್ತದೆ. ಆಯಿಲೆಲ್ಲ ಎಡಕ್ಕೆ ಹೋಗಿ ಕಿಂಡಿ ಬರಿದಾಗಿ ಕಾಣುತ್ತದೆ, ಗಾಬರಿ ಅಲ್ಲೇ ಶುರು. ಗಾಡಿ ನೆಟ್ಟಗಿರಬೇಕು. ಡಬಲ್ ಸ್ಟ್ಯಾಂಡ್ ಇದ್ದರೆ ಸರಿ, ಈಗಿನ ಎಷ್ಟೋ ಗಾಡಿಗಳಿಗೆ ಅದೇ ಇಲ್ಲ. ಹಾಗಿದ್ದರೆ ನೀವು ಗಾಡಿಯ ಮೇಲೆ ಕೂತು ನೆಟ್ಟಗೆ ಹಿಡಿಯಿರಿ, ಮನೆಯ ಇನ್ನೊಬ್ಬರು ಕಿಂಡಿಯ ಮಟ್ಟಕ್ಕೆ ಮೊಬೈಲ್ ಹಿಡಿದು ಒಂದು ಫೋಟೋ ತೆಗೆಯಲಿ. ನೆಲವೂ ಸಮತಟ್ಟಾಗಿರಬೇಕು. ನಮ್ಮ ಕಡೆಯ ಅಡ್ಡರಸ್ತೆಗಳೆಲ್ಲ ಚರಂಡಿ ಕಡೆಗೆ ಇಳಿಜಾರು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನೀರು ಹರಿಯಲು ಇಳುಕಲು ಕೊಟ್ಟಿರುತ್ತಾರೆ. ಅದಕ್ಕೇ ಪ್ರತಿ ಸಲವೂ ಅದೇ ಜಾಗ, ಅದೇ ದಿಕ್ಕು ಇರಲಿ. ಇಳಿಜಾರಿದ್ದರೂ ಹೋಲಿಕೆಗೆ ತೊಂದರೆಯಿಲ್ಲ. ಎಂಜಿನ್ ಬಿಸಿ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಬೇಕೋ, ತಣ್ಣಗಿರುವಾಗ ನೋಡಬೇಕೋ, ಕಡ್ಡಿ ಇರುವ ಗಾಡಿಯಲ್ಲಿ ತಿರುಪಿ ನೋಡಬೇಕೋ ಸುಮ್ಮನೆ ಇಳಿಬಿಟ್ಟು ನೋಡಬೇಕೋ, ಇದು ಒಂದೊಂದು ಗಾಡಿಗೆ ಒಂದೊಂದು ರೀತಿ. ಸ್ಪ್ಲೆಂಡರಿನ ಕಡ್ಡಿಯನ್ನು ತಿರುಪಬಾರದು, ಇಳಿಬಿಡಬೇಕು. ಸೀಟಿನ ಕೆಳಗಿನ ಕೈಪಿಡಿಯನ್ನು ಈಗಲಾದರೂ ಎಬ್ಬಿಸಿ.

ಲೆಕ್ಕ ಮಾಡುವುದು ಹೀಗೆ. ಆಯಿಲ್ ಬದಲಾಯಿಸಿ ಒಂದು ನೂರು ಕಿಲೋಮೀಟರ್ ಓಡಿದ ಮೇಲೆ, ಹೊಸ ಫಿಲ್ಟರ್ ತುಂಬಿಕೊಂಡಿರುತ್ತದೆ, ಆಗ ಮಟ್ಟವನ್ನು ಗುರುತು ಮಾಡಿ. ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ ಅದೇ ರೀತಿ ನಿಲ್ಲಿಸಿ. ಮೆಡಿಕಲ್ ಶಾಪಿನಲ್ಲಿ 50 ಎಂ.ಎಲ್.ನ ದೊಡ್ಡ ಸಿರಿಂಜ್ ಸಿಗುತ್ತದೆ, ಸೂಜಿ ಬೇಡ. ಅದರಲ್ಲಿ ಅದೇ ದರ್ಜೆಯ ಆಯಿಲ್ ಎಳೆದು, ಸ್ವಲ್ಪ ಸ್ವಲ್ಪವಾಗಿ ಹಾಕಿ, ನಡುವೆ ಒಂದೆರಡು ನಿಮಿಷ ಇಳಿಯಲು ಬಿಟ್ಟು, ಮೊದಲಿನ ಗುರುತು ಮುಟ್ಟುವ ತನಕ ಹಾಕಿ. ಎಷ್ಟು ಸಿರಿಂಜ್ ಹೋಯಿತೋ ಅದೇ ನಿಮ್ಮ ಗಾಡಿಯ ಲೆಕ್ಕ. ಊರೊಳಗಿನ ಸಾವಿರ ಬೇರೆ, ಹೆದ್ದಾರಿಯ ಸಾವಿರ ಬೇರೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಎಷ್ಟು ಬಂದರೆ ಸರಿ? ಹೊರದೇಶದ ಕೆಲವು ಕಾರ್ ಕಂಪನಿಗಳು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಸಹಜ ಅಂತ ಕೈಪಿಡಿಯಲ್ಲೇ ಬರೆದುಕೊಂಡಿವೆ. ಅದು ತಮ್ಮ ತಲೆ ಉಳಿಸಿಕೊಳ್ಳಲು ಬರೆದ ಮಿತಿ ಅನ್ನಿಸುತ್ತದೆ. ಒಂದೆರಡು ಲೀಟರ್ ಹಿಡಿಯುವ ಬೈಕಿಗೆ ಆ ಮಾತು ಹೊಂದುವುದಿಲ್ಲ. ನನ್ನನ್ನು ಕೇಳಿದರೆ, 350, 400 ಸಿಸಿಯ ಗಾಡಿಯಲ್ಲಿ ಸಾವಿರಕ್ಕೆ 100 ಎಂ.ಎಲ್. ತನಕ ಆರಾಮವಾಗಿ ನಿದ್ದೆ ಮಾಡಿ. ನೂರರಿಂದ ಇನ್ನೂರು ಇದ್ದರೆ ಲೆಕ್ಕ ಬರೆಯುತ್ತಾ ಹೋಗಿ, ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಮೊದಲ ನಾಲ್ಕೈದು ಸಾವಿರದಲ್ಲಿ ಇಳಿಯುತ್ತಾ ಬಂದರೆ ರಿಂಗ್ ಕೂರುತ್ತಿದೆ ಅಂತ ಅರ್ಥ. ಇನ್ನೂರೈವತ್ತು, ಮುನ್ನೂರು ದಾಟಿ ಅಲ್ಲೇ ನಿಂತರೆ, ಹೊಸ ಗಾಡಿಗೆ ಅದು ಹೆಚ್ಚು. ಸುಮ್ಮನಿರಬೇಡಿ.

ಹಾಗೆ ಹೆಚ್ಚಾಗಿದ್ದರೆ ಮೊದಲು ಸೋರಿಕೆ ಹುಡುಕಿ. ಡ್ರೈನ್ ಬೋಲ್ಟಿನ ವಾಷರ್, ಟ್ಯಾಪೆಟ್ ಮುಚ್ಚಳ, ಮುಂದಿನ ಸ್ಪ್ರಾಕೆಟ್ಟಿನ ಹಿಂದಿನ ಸೀಲ್. ಕೊನೆಯದನ್ನು ಚೈನ್ ಲ್ಯೂಬಿನ ಜಿಡ್ಡು ಮುಚ್ಚಿಹಾಕುತ್ತದೆ, ಒರೆಸಿ ಎರಡು ದಿನ ಬಿಟ್ಟು ನೋಡಬೇಕು. ಆಮೇಲೆ ಹೊಗೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರು ಹತ್ತುವಾಗ, ಆಕ್ಸಿಲರೇಟರ್ ಕೊಟ್ಟಷ್ಟೂ ಬಂದರೆ ರಿಂಗಿನ ಮೇಲೆ. ಚಳಿಯ ಬೆಳಗಿನ ಬಿಳಿ ಹೊಗೆ ಬರೀ ನೀರಾವಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಮಿಷನ್ ಟೆಸ್ಟ್ ಪಾಸಾಯಿತು ಅಂತ ನೆಮ್ಮದಿಯಾಗುವುದಕ್ಕೂ ಆಗುವುದಿಲ್ಲ. ಪೆಟ್ರೋಲ್ ಬೈಕಿಗೆ ಅಲ್ಲಿ ನಿಂತಲ್ಲೇ ಎಂಜಿನ್ ಓಡಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆಯೇ ಹೊರತು ಆಯಿಲ್ ಉರಿಯುವುದನ್ನು ಅಳೆಯುವುದಿಲ್ಲ. ಆದರೆ ಆಯಿಲಿನಲ್ಲಿರುವ ರಂಜಕ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಲೇಪವಾಗಿ ಕೂತು ಅದನ್ನು ನಿಧಾನಕ್ಕೆ ಕೆಡಿಸುತ್ತದೆ. ಬಿಎಸ್ 6 ಗಾಡಿಗಳಲ್ಲಿ ಆಯಿಲ್ ಉರಿಯುವುದನ್ನು ಹಗುರವಾಗಿ ಬಿಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಎಂಜಿನ್ ಬಿಚ್ಚುವ ಮೊದಲು ಮಾಡಬಹುದಾದ ಒಂದು ಪರೀಕ್ಷೆಯಿದೆ, ಲೀಕ್ ಡೌನ್ ಅಂತ. ಪ್ಲಗ್ ಬಿಚ್ಚಿ, ಎರಡು ವಾಲ್ವೂ ಮುಚ್ಚಿರುವಾಗ ಪಿಸ್ಟನ್ನನ್ನು ತುದಿಗೆ ತಂದು, ಆ ತೂತಿನಿಂದ ಗಾಳಿ ತುಂಬಿ, ಎಷ್ಟು ಸೋರುತ್ತದೆ ಅಂತ ಮೀಟರಿನಲ್ಲಿ ನೋಡುವುದು. ಬುಸ್ ಅನ್ನುವ ಸದ್ದು ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿಸಿದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿಸಿದರೆ ರಿಂಗ್. "ರಿಂಗ್ ಹೋಗಿದೆ" ಅನ್ನುವವರನ್ನು, ಈ ಪರೀಕ್ಷೆ ಮಾಡಿದ್ದೀರಾ ಅಂತ ಒಂದು ಮಾತು ಕೇಳಿ. ಈಗಿನ ಕೆಲವು ಎಂಜಿನ್ನುಗಳ ಸಿಲಿಂಡರಿಗೆ ವಿಶೇಷ ಲೇಪವಿರುತ್ತದೆ, ಅವನ್ನು ಹಳೆಯ ರೀತಿ ಬೋರ್ ಮಾಡಿಸಲು ಬರುವುದಿಲ್ಲ. ಬಿಚ್ಚಿ ನೋಡೋಣ ಅನ್ನುವುದು ಅಗ್ಗದ ಮಾತಲ್ಲ.

ಗಟ್ಟಿ ಆಯಿಲ್ ಹಾಕಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಕೈಪಿಡಿ ಎರಡು ಮೂರು ದರ್ಜೆಗಳಿಗೆ ಒಪ್ಪಿದ್ದರೆ ಅದರಲ್ಲಿ ಗಟ್ಟಿಯಾದದ್ದನ್ನು ಹಾಕಿ ನೋಡಬಹುದು, ಅದರಾಚೆ ಬೇಡ. ಮನೆಯಲ್ಲಿ ಉಳಿದಿರುವ ಕಾರಿನ ಆಯಿಲನ್ನಂತೂ ಹಾಕಲೇಬೇಡಿ. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಸೇರಿಸಿರಬಹುದು, ನಮ್ಮ ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಅದೂ ಜಾರತೊಡಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯೇ ನೋಡಿ.

ಕೊನೆಯದಾಗಿ ವಾರಂಟಿ. ಬರೀ "ಆಯಿಲ್ ಜಾಸ್ತಿ ತಿಂತಿದೆ" ಅಂದರೆ ಟಾಪ್ ಅಪ್ ಮಾಡಿ ಕಳಿಸುತ್ತಾರೆ. ಮೂರು ಸಾವಿರ ಕಿಲೋಮೀಟರಿನ ಲೆಕ್ಕ, ತಾರೀಖು, ಫೋಟೋ ಮುಂದಿಟ್ಟು, ಆಯಿಲ್ ಬಳಕೆಯ ಪರೀಕ್ಷೆ ಮಾಡಿಕೊಡಿ ಅಂತ ಬರವಣಿಗೆಯಲ್ಲಿ ಕೇಳಿದರೆ ಮಾತಿನ ವರಸೆಯೇ ಬದಲಾಗುತ್ತದೆ. ಅವರು ಆಯಿಲ್ ತುಂಬಿ, ಮುಚ್ಚಳಕ್ಕೂ ಡ್ರೈನ್ ಬೋಲ್ಟಿಗೂ ಬಣ್ಣದ ಗುರುತು ಹಾಕಿ, ಇಷ್ಟು ಕಿಲೋಮೀಟರ್ ಓಡಿಸಿ ತನ್ನಿ ಅನ್ನುತ್ತಾರೆ. ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಟಾಪ್ ಅಪ್ ಮಾಡಿದ ಪ್ರಮಾಣವನ್ನೂ ಪ್ರತಿ ಸಲ ಬರೆಸಿ. ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ನಿಲ್ಲುವುದೂ ಈ ಕಾಗದಗಳೇ.

ಆದ್ದರಿಂದ ಕೇಳುಗರೇ, ಈ ಭಾನುವಾರ ಬೆಳಿಗ್ಗೆ ಗಾಡಿ ತೊಳೆಯುವ ಮುಂಚೆ ಒಂದು ಕೆಲಸ ಮಾಡಿ. ಗಾಡಿಯನ್ನು ಸಮನಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ, ಕಾರಣ ಏನೇ ಇರಲಿ, ಆಯಿಲ್ ಹಾಕುವ ತನಕ ಗಾಡಿ ಹೊರಗೆ ತೆಗೆಯಬೇಡಿ. ಗೆರೆಗಳ ನಡುವೆ ಇದ್ದರೆ ಕಿಲೋಮೀಟರನ್ನೂ ತಾರೀಖನ್ನೂ ಬರೆದಿಟ್ಟು, ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ ನೋಡಿ.